ಸೊಂಟದ ಮೂಳೆ ಬೆಸುಗೆ: ಸ್ಕ್ರೂ, ಸರಳು, ಕೇಜ್‌ಗಳ ವಿಚಾರ

ಕಳೆದ ಸುಗ್ಗಿಯ ಕೊನೆಗೆ, ಚಾಲಿ ಅಡಿಕೆ ಇನ್ನೂ ಅಂಗಳದಲ್ಲಿ ಒಣಗುತ್ತಿದ್ದಾಗ, ನಮ್ಮ ಸಂಘದ ಹಳೆಯ ಸದಸ್ಯರೊಬ್ಬರು ಕಚೇರಿಗೆ ಬಂದರು. ಬಂದವರು ಧಾರಣೆ ವಿಚಾರಿಸಲಿಲ್ಲ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟು, "ಇದರಲ್ಲಿ ಯಾವುದನ್ನು ಹಾಕಿಸಿಕೊಳ್ಳಲಿ, ನೀವೇ ಹೇಳಿ" ಎಂದರು. ಅದು ಪೇಟೆಯ ಆಸ್ಪತ್ರೆಯೊಂದು ಕೊಟ್ಟ ಖರ್ಚಿನ ಅಂದಾಜು ಪಟ್ಟಿ. ಸೊಂಟದ ಮೂಳೆಯ ಬೆಸುಗೆ ಶಸ್ತ್ರಕ್ರಿಯೆಗೆ ಮೂರು ಸಾಲುಗಳನ್ನು ಅದರಲ್ಲಿ ಬರೆದಿದ್ದರು. ಮೊದಲನೆಯದು ಟೈಟಾನಿಯಂ ಸ್ಕ್ರೂ ಮತ್ತು ಸರಳು ಮಾತ್ರ. ಎರಡನೆಯದು ಅವುಗಳ ಜೊತೆಗೆ ಪೀಕ್ ಕೇಜ್. ಮೂರನೆಯದು ಅವುಗಳ ಜೊತೆಗೆ 3ಡಿ ಮುದ್ರಣದ ಟೈಟಾನಿಯಂ ಕೇಜ್ ಮತ್ತು ಕೃತಕ ಮೂಳೆಪುಡಿ. ಒಂದಕ್ಕಿಂತ ಒಂದರ ಬೆಲೆ ಏರುತ್ತಾ ಹೋಗಿತ್ತು.

ಈ ಸದಸ್ಯರಿಗೆ ಎರಡೂವರೆ ಎಕರೆ ಅಡಿಕೆ, ಮೇಲಿನ ಗುಡ್ಡದಲ್ಲಿ ಒಂದು ಎಕರೆ ರೊಬಸ್ಟಾ ಕಾಫಿ ಇದೆ. ವಯಸ್ಸು ಅರವತ್ತಕ್ಕೆ ಹತ್ತಿರ. ಎರಡು ವರ್ಷದಿಂದ ಅವರು ಮನೆಯಿಂದ ತೋಟದ ಕೆಳಗಿನ ಕಪ್ಪಿನವರೆಗೆ ನಡೆದರೆ ಸಾಕು, ಎರಡೂ ಕಾಲು ಜೋಮು ಹಿಡಿದು ಭಾರವಾಗುತ್ತವೆ. ಕಟ್ಟೆಯ ಮೇಲೆ ಸ್ವಲ್ಪ ಮುಂದಕ್ಕೆ ಬಗ್ಗಿ ಕುಳಿತರೆ ಹಗುರವಾಗುತ್ತದೆ. ಪಟ್ಟಣದಲ್ಲಿರುವ ಮಗ, "ಬೆನ್ನಿನ ವಿಷಯ, ದುಬಾರಿಯದನ್ನೇ ಹಾಕಿಸೋಣ ಅಪ್ಪಯ್ಯ" ಎನ್ನುತ್ತಾನಂತೆ. ಹಾಗೆ ಮಾಡಬೇಕಾದರೆ ಕೆಳಗಿನ ತೋಟವನ್ನು ಅಡವಿಡಬೇಕು. ಆದುದರಿಂದ ಕಾಗದ ನಮ್ಮ ಮೇಜಿಗೆ ಬಂದಿತು.

ನಾವು ವೈದ್ಯರಲ್ಲ. ಯಾವುದನ್ನು ಹಾಕಿಸಿಕೊಳ್ಳಬೇಕೆಂದು ಹೇಳಲು ನಮಗೆ ಅಧಿಕಾರವೂ ಇಲ್ಲ. ಆದರೆ ಇದೇ ತರಹದ ಕಾಗದವನ್ನು ಹಿಡಿದುಕೊಂಡು ಬಂದವರು ಇವರು ಮೊದಲಿಗರೂ ಅಲ್ಲ. ಮೆಟ್ಟುಗತ್ತಿಯ ಮುಂದೆ ದಿನವಿಡೀ ಬಗ್ಗಿ ಕೂರುವವರು, ಬೋರ್ಡೋ ದ್ರಾವಣದ ಕ್ಯಾನು ಬೆನ್ನಿಗೇರಿಸುವವರು, ಐವತ್ತು ಕಿಲೋ ಕಾಫಿ ಮೂಟೆ ಹೊರುವವರು ನಮ್ಮಲ್ಲಿ ತುಂಬಾ ಜನ. ಆದುದರಿಂದ ಮೂಳೆ ಶಸ್ತ್ರವೈದ್ಯರಿಬ್ಬರನ್ನು ಕೇಳಿ, ಸಿಕ್ಕಿದ ವೈದ್ಯಕೀಯ ಲೇಖನಗಳನ್ನು ಓದಿ, ನಮಗೆ ತಿಳಿದುಬಂದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಬೆಸುಗೆ ಎಂದರೆ ಕಸಿ

ಬೆನ್ನುಮೂಳೆಯ ಕೆಳಭಾಗದಲ್ಲಿ, ಸೊಂಟದ ಮಟ್ಟದಲ್ಲಿ, ಐದು ದಪ್ಪ ಮಣಿಗಳಿವೆ. ಮಣಿ ಮಣಿಯ ನಡುವೆ ಡಿಸ್ಕ್ ಎಂಬ ಮೆತ್ತನೆಯ ಬಿಲ್ಲೆ. ಮಣಿಗಳ ಹಿಂಬದಿಯ ಕಾಲುವೆಯಲ್ಲಿ ಕಾಲಿಗೆ ಹೋಗುವ ನರಗಳು ಇಳಿಯುತ್ತವೆ. ವಯಸ್ಸಾದಂತೆ ಬಿಲ್ಲೆ ನೀರಿನಂಶ ಕಳೆದುಕೊಂಡು ತೆಳುವಾಗುತ್ತದೆ, ಹಿಂದಿನ ಕೀಲುಗಳು ಸವೆಯುತ್ತವೆ, ಕೆಲವರಲ್ಲಿ ಮೇಲಿನ ಮಣಿ ಕೆಳಗಿನದರ ಮೇಲೆ ಮುಂದಕ್ಕೆ ಜಾರುತ್ತದೆ. ನಮ್ಮ ಸದಸ್ಯರಿಗೆ ಆಗಿರುವುದು ಇದೇ. ನಾಲ್ಕನೆಯ ಮಣಿ ಐದನೆಯದರ ಮೇಲೆ ಜಾರಿ, ನರದ ಕಾಲುವೆ ಇಕ್ಕಟ್ಟಾಗಿದೆ.

ಇದಕ್ಕೆ ಮಾಡುವ ಶಸ್ತ್ರಕ್ರಿಯೆಯಲ್ಲಿ ಎರಡು ಕೆಲಸಗಳಿವೆ. ಅವೆರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು. ಮೊದಲನೆಯದು, ಒತ್ತುತ್ತಿರುವ ಮೂಳೆಯನ್ನೂ ದಪ್ಪಗಾದ ಪೊರೆಯನ್ನೂ ಕೆರೆದು ತೆಗೆದು ನರಕ್ಕೆ ದಾರಿ ಬಿಡಿಸುವುದು. ಕಾಲಿನ ಜೋಮು, ನೋವು ಇಳಿಯುವುದು ಹೆಚ್ಚಾಗಿ ಈ ಕೆಲಸದಿಂದ. ಎರಡನೆಯದು, ಅಲುಗಾಡುವ ಎರಡು ಮಣಿಗಳು ಒಂದೇ ಮೂಳೆಯಾಗುವಂತೆ ಮಾಡುವುದು. ಇದೇ ಬೆಸುಗೆ. ಪಟ್ಟಿಯಲ್ಲಿದ್ದ ಸ್ಕ್ರೂ, ಸರಳು, ಕೇಜ್‌ಗಳೆಲ್ಲ ಈ ಎರಡನೆಯ ಕೆಲಸಕ್ಕೆ ಸಂಬಂಧಪಟ್ಟವು.

ಬೆಸುಗೆ ಎಂದೊಡನೆ ನಮ್ಮ ಜನರಿಗೆ ಕಬ್ಬಿಣದ ವೆಲ್ಡಿಂಗ್ ನೆನಪಾಗುತ್ತದೆ. ಹಾಗಲ್ಲ. ಇದು ಗಿಡದ ಕಸಿಯಂತೆ. ವೈದ್ಯರೂ ಮೂಳೆ ಕಸಿ ಎಂದೇ ಕರೆಯುತ್ತಾರೆ. ಮಾವಿನ ಗಿಡಕ್ಕೆ ಕಸಿ ಕಟ್ಟುವಾಗ ನಾವು ಏನು ಮಾಡುತ್ತೇವೆ? ಎರಡೂ ಕಡೆ ಹೊಸದಾಗಿ ಕೊಯ್ದು, ಹಸಿ ಮೈಗೆ ಹಸಿ ಮೈ ತಾಗಿಸಿ, ಅಲುಗದಂತೆ ಪಟ್ಟಿ ಸುತ್ತುತ್ತೇವೆ. ಕೂಡಿಸುವುದು ಪಟ್ಟಿಯಲ್ಲ, ಗಿಡದ ಜೀವ. ಪಟ್ಟಿ ಕೂಡುವವರೆಗೆ ಹಿಡಿದುಕೊಂಡಿರುತ್ತದೆ, ಅಷ್ಟೇ. ಬೆನ್ನಿನಲ್ಲಿಯೂ ಹಾಗೆಯೇ. ಬಿಲ್ಲೆಯನ್ನು ತೆಗೆದು, ಮಣಿಗಳ ಮೇಲ್ಮೈಯ ಮೃದ್ವಸ್ಥಿಯನ್ನು ರಕ್ತ ಜಿನುಗುವ ಮೂಳೆ ಕಾಣುವವರೆಗೆ ಕೆರೆದು, ನಡುವೆ ಮೂಳೆಚೂರು ತುಂಬುತ್ತಾರೆ. ಆ ಚೂರುಗಳ ಮೂಲಕ ಹೊಸ ಮೂಳೆ ಬೆಳೆದು ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಅಲುಗದಂತೆ ಹಿಡಿದಿಡುವುದೇ ಲೋಹದ ಕೆಲಸ.

ಈ ಶಸ್ತ್ರಕ್ರಿಯೆ ಲೋಹವಿಲ್ಲದೆಯೇ ಆರಂಭವಾಯಿತು ಎಂಬುದು ನಮಗೂ ಹೊಸ ಸಂಗತಿಯಾಗಿತ್ತು. 1911ರಲ್ಲಿ ನ್ಯೂಯಾರ್ಕಿನ ಇಬ್ಬರು ವೈದ್ಯರು, ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ, ಬೇರೆ ಬೇರೆಯಾಗಿ ಇದನ್ನು ಪ್ರಕಟಿಸಿದರು. ಅವರ ಮುಂದಿದ್ದುದು ಬೆನ್ನುಮೂಳೆಯ ಕ್ಷಯ. ಹಿಬ್ಸ್ ಮಣಿಗಳ ಹಿಂಭಾಗದ ಮೂಳೆಯನ್ನೇ ಸೀಳಿ ಒಂದರ ಮೇಲೊಂದು ಹಾಸಿದರು. ಆಲ್ಬೀ ರೋಗಿಯ ಮೊಣಕಾಲಿನ ಕೆಳಗಿನ ಮೂಳೆಯಿಂದ ಒಂದು ಪಟ್ಟಿ ತೆಗೆದು ಬೆನ್ನಿನಲ್ಲಿ ನೆಟ್ಟರು. ಹಿಡಿದಿಡುವ ಸಾಧನವಿಲ್ಲದ್ದರಿಂದ ರೋಗಿಗಳು ದೀರ್ಘಕಾಲ ಅಲುಗಾಡದೆ ಮಲಗಬೇಕಾಗುತ್ತಿತ್ತು. (ಬೆನ್ನಿನ ಕ್ಷಯಕ್ಕೆ ಈಗ ಒಳ್ಳೆಯ ಔಷಧಗಳಿವೆ. ಹೆಚ್ಚಿನವರಿಗೆ ಕತ್ತರಿ ಬೇಕಾಗುವುದೇ ಇಲ್ಲ.)

ಸ್ಕ್ರೂ ಮತ್ತು ಸರಳು

ಆ ಮಲಗುವ ಕಷ್ಟವನ್ನು ತಪ್ಪಿಸಿದ್ದು ಸ್ಕ್ರೂ ಮತ್ತು ಸರಳು. ಪ್ರತಿ ಮಣಿಯ ಹಿಂಭಾಗದಲ್ಲಿ ಎಡಬಲಕ್ಕೆ ಪೆಡಿಕಲ್ ಎಂಬ ಗಟ್ಟಿ ಮೂಳೆಯ ಕುತ್ತಿಗೆಗಳಿವೆ. ಅವುಗಳ ಮೂಲಕ ಮಣಿಯ ಒಡಲಿಗೆ ಸ್ಕ್ರೂ ಇಳಿಸುವ ಕ್ರಮವನ್ನು ಪ್ಯಾರಿಸಿನ ರೇಮಂಡ್ ರಾಯ್-ಕಾಮಿಲ್ 1963ರಲ್ಲಿ ಆರಂಭಿಸಿದರು. ಇಂದಿಗೂ ಹೆಚ್ಚಿನ ಬೆಸುಗೆಗಳಿಗೆ ಇದೇ ಆಧಾರ. ಎರಡು ಮಣಿ ಕೂಡಿಸಲು ನಾಲ್ಕು ಸ್ಕ್ರೂ, ಎರಡು ಸರಳು. ಸ್ಕ್ರೂ ಸಾಮಾನ್ಯವಾಗಿ ಐದೂವರೆಯಿಂದ ಏಳೂವರೆ ಮಿಲಿಮೀಟರ್ ದಪ್ಪ, 40ರಿಂದ 50 ಮಿಲಿಮೀಟರ್ ಉದ್ದ ಇರುತ್ತದೆ. ಸ್ಕ್ರೂವಿನ ತಲೆ ಎಲ್ಲ ದಿಕ್ಕಿಗೂ ತಿರುಗುವಂತಿದ್ದರೆ ಸರಳು ಕೂರಿಸುವುದು ಸುಲಭ. ಆದ್ದರಿಂದ ಈಗ ಅಂಥವೇ ಹೆಚ್ಚು ಬಳಕೆಯಲ್ಲಿವೆ.

ಹಿಂದೆ ಇವು ಸ್ಟೇನ್‌ಲೆಸ್ ಉಕ್ಕಿನವು. ಈಗ ಬಹುಮಟ್ಟಿಗೆ ಟೈಟಾನಿಯಂ ಮಿಶ್ರಲೋಹ. ಉಕ್ಕು ಟೈಟಾನಿಯಂಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಿಗಿ. ಟೈಟಾನಿಯಂ ಹಗುರ, ದೇಹಕ್ಕೆ ಚೆನ್ನಾಗಿ ಒಗ್ಗುತ್ತದೆ, ಮುಂದೆ ಎಂ.ಆರ್.ಐ. ತೆಗೆಯಬೇಕಾದರೆ ಚಿತ್ರವನ್ನು ಉಕ್ಕಿನಷ್ಟು ಕೆಡಿಸುವುದಿಲ್ಲ. ಕೋಬಾಲ್ಟ್-ಕ್ರೋಮ್ ಸರಳುಗಳು ಇನ್ನೂ ಗಡಸು. ಗೂನು ನೇರ ಮಾಡುವಂಥ ಉದ್ದದ ಶಸ್ತ್ರಕ್ರಿಯೆಗಳಲ್ಲಿ ಅವುಗಳಿಗೆ ಕೆಲಸವಿದೆ. ನಮ್ಮ ಸದಸ್ಯರಂತೆ ಎರಡೇ ಮಣಿ ಕೂಡಿಸುವವರು ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಎಷ್ಟೇ ಒಳ್ಳೆಯ ಸರಳಾದರೂ ಅದು ಮೂಳೆಗೆ ಶಾಶ್ವತ ಬದಲಿಯಲ್ಲ. ಬೇಲಿಯ ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋದರೆ ಏನಾಗುತ್ತದೆಂದು ನಮಗೆ ಗೊತ್ತಿದೆ. ಮೂಳೆ ಕೂಡದೆ ಹೋದರೆ ಪ್ರತಿ ಹೆಜ್ಜೆಗೂ ಭಾರವೆಲ್ಲ ಲೋಹದ ಮೇಲೆಯೇ ಬೀಳುತ್ತದೆ, ಒಂದಲ್ಲ ಒಂದು ದಿನ ಸರಳು ತುಂಡಾಗುತ್ತದೆ ಇಲ್ಲವೆ ಸ್ಕ್ರೂ ಸಡಿಲವಾಗುತ್ತದೆ. ಮೂಳೆ ಕೂಡಿದ ಮೇಲೆ ಲೋಹಕ್ಕೆ ಹೆಚ್ಚಿನ ಕೆಲಸವೇ ಇಲ್ಲ. ತೊಂದರೆ ಕೊಡದಿದ್ದರೆ ಅದನ್ನು ಅಲ್ಲಿಯೇ ಬಿಡುತ್ತಾರೆ.

ಸ್ಕ್ರೂ ಹಿಡಿಯುವುದು ಮೂಳೆ ಗಟ್ಟಿಯಿದ್ದರೆ ಮಾತ್ರ. ಕಾಂಡಕೊರಕ ಹೊಕ್ಕ ಮರಕ್ಕೆ ಮೊಳೆ ಹೊಡೆದಂತೆ, ಟೊಳ್ಳಾದ ಮೂಳೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುವುದರಿಂದ ನಮ್ಮ ತಾಯಂದಿರೂ ಅಕ್ಕಂದಿರೂ ಮೊದಲೇ ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿಕೊಳ್ಳಬೇಕೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು. ಮೂಳೆ ಬಡವಾಗಿದ್ದರೆ ಮೊದಲು ಔಷಧ ಕೊಟ್ಟು ಗಟ್ಟಿ ಮಾಡುತ್ತಾರೆ, ಅಥವಾ ಸ್ಕ್ರೂವಿನ ಸುತ್ತ ಮೂಳೆ ಸಿಮೆಂಟು ತುಂಬುತ್ತಾರೆ.

ಅಡಿಕೆ ಮರದಿಂದ ಬಿದ್ದು ಮಣಿ ಮುರಿದವರ ವಿಚಾರ ಬೇರೆ. ಅಲ್ಲಿ ಮುರಿದುದನ್ನು ಹಿಡಿದಿಡಲು ಸ್ಕ್ರೂ ತುರ್ತಾಗಿ ಬೇಕಾಗಬಹುದು. ಅದನ್ನು ಈ ಲೇಖನದಲ್ಲಿ ಸೇರಿಸಿಲ್ಲ.

ಕೇಜ್: ಕುದುರೆಯಿಂದ ಮನುಷ್ಯನಿಗೆ

ಕೇಜ್ ಎಂದರೆ ಪಂಜರ. ಬಿಲ್ಲೆ ತೆಗೆದ ಜಾಗದಲ್ಲಿ ಎರಡು ಮಣಿಗಳ ನಡುವೆ ಇಡುವ ಟೊಳ್ಳು ಪೆಟ್ಟಿಗೆ. ಒಳಗೆ ಮೂಳೆಚೂರು ತುಂಬಿರುತ್ತಾರೆ. ಮೇಲೆ ಕೆಳಗೆ ತೆರಪಿರುವುದರಿಂದ ಮೂಳೆ ಅದರ ಮೂಲಕ ಬೆಳೆಯಬಹುದು. ಕುಸಿದ ಎತ್ತರವನ್ನು ಅದು ಮತ್ತೆ ಎತ್ತಿ ಹಿಡಿಯುತ್ತದೆ. ಬೆನ್ನಿನ ಭಾರ ಹೆಚ್ಚಾಗಿ ಮುಂದಿನ ಭಾಗದಲ್ಲಿಯೇ ಇಳಿಯುವುದರಿಂದ, ಅಲ್ಲಿ ಒಂದು ಊರೆ ಕೊಟ್ಟರೆ ಹಿಂದಿನ ಸ್ಕ್ರೂಗಳಿಗೂ ಭಾರ ಕಡಿಮೆ.

ಈ ಪಂಜರದ ಕಥೆ ಕುದುರೆಯಿಂದ ಹೊರಡುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನ ಮೂಳೆ ವೈದ್ಯ ಜಾರ್ಜ್ ಬ್ಯಾಗ್ಬಿ ಎಂಬವರು 1970ರ ದಶಕದ ಕೊನೆಯಲ್ಲಿ ಪಶುವೈದ್ಯರ ಜೊತೆ ಸೇರಿ ಕುದುರೆಗಳಿಗೆ ಚಿಕಿತ್ಸೆ ಮಾಡುತ್ತಿದ್ದರು. ಕುತ್ತಿಗೆಯ ಮಣಿಗಳು ನರಹುರಿಯನ್ನು ಒತ್ತಿ ಕುದುರೆ ತೂರಾಡುವಂತಾಗುವ ಒಂದು ರೋಗವಿದೆ. ಅದಕ್ಕೆ ಮಣಿಗಳನ್ನು ಬೆಸೆಯಬೇಕು. ಆದರೆ ಕುದುರೆಯ ಸೊಂಟದಿಂದ ಮೂಳೆ ತುಂಡನ್ನು ತೆಗೆದರೆ ಅಲ್ಲಿನ ಗಾಯವೇ ಇನ್ನೊಂದು ಉಪದ್ರವ. ಇಷ್ಟು ದೊಡ್ಡ ಪ್ರಾಣಿಯನ್ನು ಮಲಗಿಸಿಡುವುದೂ ಆಗದ ಮಾತು. ಆದುದರಿಂದ ಅವರು ತೂತುಗಳಿರುವ ಉಕ್ಕಿನ ಬುಟ್ಟಿಯೊಂದನ್ನು ಮಾಡಿಸಿ, ಕೊರೆಯುವಾಗ ಬಂದ ಮೂಳೆಪುಡಿಯನ್ನೇ ಅದರಲ್ಲಿ ತುಂಬಿ ಮಣಿಗಳ ನಡುವೆ ಕೂರಿಸಿದರು. ಮೂಳೆ ಬುಟ್ಟಿಯ ಮೂಲಕ ಬೆಳೆದು ಕೂಡಿತು. 1977ರಲ್ಲಿ ಅಮೆರಿಕದ ಮೂರು ದೊಡ್ಡ ಪಂದ್ಯಗಳನ್ನೂ ಗೆದ್ದ ಸಿಯಾಟಲ್ ಸ್ಲ್ಯೂ ಎಂಬ ಹೆಸರಾಂತ ಕುದುರೆಗೂ ಮುದಿತನದಲ್ಲಿ, 2000ದಲ್ಲಿ, ಕುತ್ತಿಗೆಯ ಬೆಸುಗೆ ಮಾಡಿದ್ದರು. ಬ್ಯಾಗ್ಬಿಯವರ ಬುಟ್ಟಿಯಿಂದ ಬೆಳೆದ ಟೈಟಾನಿಯಂ ಕೇಜನ್ನು ಮನುಷ್ಯರ ಸೊಂಟಕ್ಕೆ ಬಳಸಲು 1996ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟಿತು.

ಕೇಜನ್ನು ಬೆನ್ನಿನ ಹಿಂಬದಿಯಿಂದ ಹಾಕಬಹುದು, ಹೊಟ್ಟೆಯ ಕಡೆಯಿಂದ ಅಥವಾ ಪಕ್ಕೆಯಿಂದಲೂ ಹಾಕಬಹುದು. ಹಿಂದಿನಿಂದ ಹಾಕುವಾಗ ನರಗಳ ನಡುವಿನ ಇಕ್ಕಟ್ಟಿನಲ್ಲಿ ತೂರಿಸಬೇಕಾದ್ದರಿಂದ ಕೇಜ್ ಸಣ್ಣದಿರುತ್ತದೆ. ಮುಂದಿನಿಂದಲೋ ಪಕ್ಕೆಯಿಂದಲೋ ಹಾಕುವುದು ಅಗಲ. ಅಗಲದಿಂದ ಒಂದು ಪ್ರಯೋಜನವಿದೆ. ಮಳೆಗಾಲದ ಮೆತ್ತನೆಯ ನೆಲದಲ್ಲಿ ಕಾಳುಮೆಣಸಿನ ಏಣಿ ನಿಲ್ಲಿಸುವಾಗ ಕಾಲಿನಡಿ ಹಲಗೆ ಇಡುತ್ತೇವಲ್ಲ, ಅದೇ ಲೆಕ್ಕ. ಸಣ್ಣ ತಳದ ಗಡಸು ವಸ್ತು ಮೆತ್ತನೆಯ ಮೂಳೆಯಲ್ಲಿ ಹೂತುಹೋಗುತ್ತದೆ. ಅಗಲವಾದದ್ದು ಕಡಿಮೆ ಹೂಳುತ್ತದೆ. ಆದರೆ ಮುಂದಿನಿಂದ ಹೋಗುವಾಗ ದೊಡ್ಡ ರಕ್ತನಾಳಗಳನ್ನು ಸರಿಸಬೇಕು, ಪಕ್ಕೆಯಿಂದ ಹೋಗುವಾಗ ತೊಡೆಗೆ ಹೋಗುವ ನರಗಳ ಅಪಾಯವಿದೆ. ಯಾವ ದಾರಿ ಎಂಬುದು ವೈದ್ಯರ ಕೈ ಯಾವುದರಲ್ಲಿ ಪಳಗಿದೆ ಎಂಬುದನ್ನೂ ಅವಲಂಬಿಸುತ್ತದೆ.

ಪೀಕ್ ಅಥವಾ ಟೈಟಾನಿಯಂ

ಈಗ ಸದಸ್ಯರ ನಿಜವಾದ ಪ್ರಶ್ನೆಗೆ ಬರೋಣ. ಎರಡನೆಯ ಸಾಲಿಗೂ ಮೂರನೆಯ ಸಾಲಿಗೂ ಇದ್ದ ಮುಖ್ಯ ವ್ಯತ್ಯಾಸ ಕೇಜನ್ನು ಮಾಡಿದ ವಸ್ತುವಿನದು.

ಪೀಕ್ ಎಂಬುದು ಒಂದು ಬಹಳ ಗಟ್ಟಿಯಾದ ಪ್ಲಾಸ್ಟಿಕ್. ಟೈಟಾನಿಯಂ ಮಿಶ್ರಲೋಹ ಅದಕ್ಕಿಂತ ಸುಮಾರು 30 ಪಟ್ಟು ಗಡಸು. ಮೂಳೆಯ ಗಡಸುತನ ಇವೆರಡರ ನಡುವೆ, ಪೀಕ್‌ಗೇ ಹೆಚ್ಚು ಹತ್ತಿರ. ಆದುದರಿಂದ ಪೀಕ್ ಕೇಜ್ ಮೂಳೆಯ ಜೊತೆಗೆ ತುಸು ಬಾಗುತ್ತದೆ, ಒಳಗಿನ ಕಸಿಗೂ ಒಂದಿಷ್ಟು ಭಾರ ತಾಗಲು ಬಿಡುತ್ತದೆ. ಭಾರ ತಾಗಿದರೆ ಮೂಳೆ ಬೆಳೆಯುತ್ತದೆ. ಎಕ್ಸ್‌ರೇಯಲ್ಲಿ ಪೀಕ್ ಕಾಣುವುದಿಲ್ಲ, ಹೀಗಾಗಿ ಒಳಗೆ ಮೂಳೆ ಕೂಡಿದೆಯೇ ಇಲ್ಲವೇ ಎಂದು ವೈದ್ಯರು ಸ್ಪಷ್ಟವಾಗಿ ನೋಡಬಹುದು. ಅದರ ದೋಷವೆಂದರೆ, ಮೂಳೆ ಅದರ ಮೈಗೆ ಅಂಟುವುದಿಲ್ಲ. ನಡುವೆ ನಾರಿನ ತೆಳು ಪೊರೆ ಬೆಳೆಯುವುದುಂಟು.

ಟೈಟಾನಿಯಂ ಇದಕ್ಕೆ ತಿರುಗುಮುರುಗು. ಮೂಳೆ ಅದರ ಮೈಯನ್ನು ಹಿಡಿದು ಬೆಳೆಯುತ್ತದೆ. ಇದನ್ನು 1950ರ ದಶಕದಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬವರು ಕಂಡುಕೊಂಡರು, ಇಂದಿನ ಹಲ್ಲಿನ ಇಂಪ್ಲಾಂಟ್‌ಗಳು ನಿಂತಿರುವುದೂ ಅದರ ಮೇಲೆಯೇ. ಆದರೆ ಗಟ್ಟಿ ಟೈಟಾನಿಯಂ ಕೇಜ್ ಬಹಳ ಗಡಸಾದ್ದರಿಂದ ಮೂಳೆಯಲ್ಲಿ ಹೂಳುವ ಸಂಭವ ಹೆಚ್ಚು, ಎಕ್ಸ್‌ರೇಯಲ್ಲಿ ಒಳಗಿನದನ್ನು ಮರೆಮಾಡುತ್ತದೆ. ಈ ಎರಡು ದೋಷಗಳನ್ನು ಕಡಿಮೆ ಮಾಡಲು ಬಂದುದೇ 3ಡಿ ಮುದ್ರಣದ ಕೇಜ್. ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಸ್ಪಂಜಿನಂತೆ ರಂಧ್ರಗಳಿರುವ ರೂಪ ಕೊಡುತ್ತಾರೆ. ರಂಧ್ರಗಳಿಂದಾಗಿ ಗಡಸುತನ ಇಳಿಯುತ್ತದೆ, ಮೂಳೆ ಒಳಹೊಕ್ಕು ಬೆಳೆಯಲು ಜಾಗ ಸಿಗುತ್ತದೆ. ಪೀಕ್‌ನ ಮೇಲೆ ಟೈಟಾನಿಯಂ ಲೇಪ ಕೊಟ್ಟದ್ದೂ ಇದೆ. ಒಳಗಿಟ್ಟ ಮೇಲೆ ಜಾಕಿಯಂತೆ ಎತ್ತರಿಸಬಹುದಾದ ಕೇಜೂ ಇದೆ.

ಹಾಗಾದರೆ ಹೊಸದೇ ಉತ್ತಮವೇ? ಯೋಚನೆ ಚೆನ್ನಾಗಿದೆ ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಹಾಕಿಸಿಕೊಂಡವರ ನೋವು, ನಡಿಗೆಗಳಲ್ಲಿ ಪೀಕ್‌ನವರಿಗಿಂತ ದೊಡ್ಡ ಲಾಭ ಕಂಡಿದೆ ಎಂದು ಹೇಳುವಷ್ಟು ಆಧಾರ ನಾವು ಓದಿದ ಅಧ್ಯಯನಗಳಲ್ಲಿ ಸಿಗಲಿಲ್ಲ. ನಾವು ಕೇಳಿದ ವೈದ್ಯರಿಬ್ಬರಲ್ಲಿ ಒಬ್ಬರು ಪೀಕ್ ಕಡೆ, ಒಬ್ಬರು ಟೈಟಾನಿಯಂ ಕಡೆ. ಇಬ್ಬರೂ ಒಪ್ಪಿದ ಮಾತು ಒಂದೇ: ಮೂಳೆಯ ಮೈಯನ್ನು ಸರಿಯಾಗಿ ಕೆರೆದು ಹಸಿ ಮಾಡದಿದ್ದರೆ ಯಾವ ಕೇಜೂ ಕೂಡುವುದಿಲ್ಲ. ಕಸಿ ಕಟ್ಟುವವನ ಕೈಗುಣವೇ ಪಟ್ಟಿಯ ಬಣ್ಣಕ್ಕಿಂತ ಮುಖ್ಯ ಎಂದು ನಮ್ಮ ಸದಸ್ಯರಿಗೆ ಅದನ್ನು ಹೇಳಿದಾಗ ಅವರು ನಕ್ಕರು.

ಒಳಗೆ ತುಂಬುವ ಮೂಳೆ

ಒಳಗೆ ತುಂಬಲು ಅತ್ಯುತ್ತಮವಾದುದು ರೋಗಿಯ ಸ್ವಂತ ಮೂಳೆ. ಅದರಲ್ಲಿ ಜೀವಕೋಶಗಳಿವೆ. ಹಿಂದೆ ಸೊಂಟದ ಅಂಚಿನ ಮೂಳೆಯಿಂದ ಬೇರೆ ಗಾಯ ಮಾಡಿ ತೆಗೆಯುತ್ತಿದ್ದರು. ಆ ಜಾಗದ ನೋವು ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತಿತ್ತು. ಒಂದೇ ಮಟ್ಟದ ಬೆಸುಗೆಯಾದರೆ ನರದ ದಾರಿ ಬಿಡಿಸುವಾಗ ಹೇಗೂ ತೆಗೆದ ಮೂಳೆಯನ್ನು ಶುಚಿಮಾಡಿ ಚೂರು ಮಾಡಿ ತುಂಬಿದರೆ ಅನೇಕ ವೇಳೆ ಸಾಕಾಗುತ್ತದೆ. ಅದಕ್ಕೆ ಬೆಲೆಯೂ ಇಲ್ಲ. ಸಾಲದಿದ್ದರೆ ಕೃತಕ ಮೂಳೆಪುಡಿಯನ್ನು ಬೆರೆಸುತ್ತಾರೆ. ಅದು ಬಳ್ಳಿಗೆ ಕೊಟ್ಟ ಕಂಬದಂತೆ ಮೂಳೆ ಹಬ್ಬಲು ಆಸರೆಯಾಗುತ್ತದೆಯೇ ಹೊರತು ತಾನೇ ಮೂಳೆ ಹುಟ್ಟಿಸುವುದಿಲ್ಲ.

ಮೂಳೆ ಹುಟ್ಟಿಸುವ ಪ್ರೋಟೀನ್ ಒಂದಿದೆ, ಬಿ.ಎಂ.ಪಿ. ಎನ್ನುತ್ತಾರೆ. ಮಾರ್ಷಲ್ ಯುರಿಸ್ಟ್ 1965ರಲ್ಲಿ ಬರೆದ ಸಂಶೋಧನೆಯಿಂದ ಬಂದದ್ದು. ಅಮೆರಿಕದಲ್ಲಿ ಇದನ್ನು ಸೊಂಟದ ಬೆಸುಗೆಗೆ 2002ರಲ್ಲಿ ಒಪ್ಪಿದರು, ಭರಾಟೆಯಿಂದ ಬಳಸಿದರು. 2011ರಲ್ಲಿ ವೈದ್ಯರೇ ಹಳೆಯ ಪ್ರಯೋಗಗಳನ್ನು ಮತ್ತೆ ತೆಗೆದು ನೋಡಿದಾಗ, ತಯಾರಕರ ಹಣದಿಂದ ನಡೆದ ಆ ಪ್ರಯೋಗಗಳ ವರದಿಗಳಲ್ಲಿ ತೊಂದರೆಗಳನ್ನು ಕಡಿಮೆ ಮಾಡಿ ತೋರಿಸಿದ್ದರೆಂದು ಹೊರಬಿತ್ತು. ಹೊಸ ಔಷಧ, ಹೊಸ ಗೊಬ್ಬರಗಳ ಏಜೆಂಟರನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯಪಡುವುದು ಹೆಚ್ಚೇನೂ ಇಲ್ಲ.

ಲೆಕ್ಕ ಹಾಕಿ ನೋಡಿದವರು

ಹೆಚ್ಚು ಲೋಹ ಹಾಕಿದರೆ ಹೆಚ್ಚು ಗುಣವೇ ಎಂಬುದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಅಮೆರಿಕದ ಮಿಷಿಗನ್‌ನಲ್ಲಿ, ನಮ್ಮ ಸದಸ್ಯರಂತೆಯೇ ಮಣಿ ಜಾರಿದ 67 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಕ್ರೂ ಹಾಕಿ, ಇನ್ನೊಂದಕ್ಕೆ ಹಾಕದೆ, ಇಬ್ಬರಿಗೂ ಮೂಳೆ ಕಸಿ ಮಾಡಿ, 2 ವರ್ಷದ ನಂತರ ನೋಡಿದ ಫಲಿತಾಂಶವನ್ನು 1997ರಲ್ಲಿ ಪ್ರಕಟಿಸಿದರು. ಸ್ಕ್ರೂ ಹಾಕಿದವರಲ್ಲಿ ನೂರಕ್ಕೆ 82 ಜನರ ಮೂಳೆ ಕೂಡಿತ್ತು, ಹಾಕದವರಲ್ಲಿ 45 ಮಾತ್ರ. ಆದರೆ ಒಳ್ಳೆಯ ಗುಣ ಕಂಡವರು ಸ್ಕ್ರೂ ಹಾಕಿದವರಲ್ಲಿ ನೂರಕ್ಕೆ 76, ಹಾಕದವರಲ್ಲಿ 85! ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಷ್ಟಲ್ಲವೆಂದು ಅವರೇ ಹೇಳಿದರು. ಅಂದರೆ, ಆ ಹೊತ್ತಿಗೆ ಎರಡೂ ಸಮ.

ಇದನ್ನು ಓದಿ ನಾವೂ ಸ್ಕ್ರೂ ದಂಡ ಎಂದುಕೊಂಡೆವು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸ್ಕ್ರೂ ಹಾಕದ 47 ಜನರನ್ನು 5ರಿಂದ 14 ವರ್ಷಗಳವರೆಗೆ ಹಿಂಬಾಲಿಸಿ ನೋಡಿ 2004ರಲ್ಲಿ ವರದಿ ಮಾಡಿದರು. ಮೂಳೆ ಗಟ್ಟಿಯಾಗಿ ಕೂಡಿದವರಲ್ಲಿ ನೂರಕ್ಕೆ 86 ಜನ ಚೆನ್ನಾಗಿದ್ದರು. ಕೂಡದವರಲ್ಲಿ 56. ಎರಡು ವರ್ಷದಲ್ಲಿ ಕಾಣದ ಕೊರತೆ ಹತ್ತು ವರ್ಷದಲ್ಲಿ ಕಂಡಿತು. ಆದುದರಿಂದ ಬೆಸುಗೆ ಮಾಡಿಸುವುದೇ ಆದರೆ ಅದು ಕೂಡಬೇಕು, ಕೂಡಲು ಸ್ಕ್ರೂ ಸಹಾಯ ಮಾಡುತ್ತದೆ ಎಂದು ನಾವು ತಿಳಿದುಕೊಂಡೆವು.

ಸ್ವೀಡನ್ನಿನಲ್ಲಿ ದೀರ್ಘಕಾಲದ ಸೊಂಟನೋವಿನ ರೋಗಿಗಳನ್ನು ಮೂರು ಪಾಲು ಮಾಡಿ 2002ರಲ್ಲಿ ವರದಿ ಮಾಡಿದ ಇನ್ನೊಂದು ಪ್ರಯೋಗವಿದೆ. ಬರೀ ಮೂಳೆ ಕಸಿ, ಸ್ಕ್ರೂ ಸಹಿತ ಕಸಿ, ಸ್ಕ್ರೂವಿನ ಜೊತೆಗೆ ಮಣಿಗಳ ನಡುವೆಯೂ ಕಸಿ. ಎರಡು ವರ್ಷದ ನಂತರ ನೋವಿನಲ್ಲಿ ಮೂರಕ್ಕೂ ಹೇಳುವಂಥ ವ್ಯತ್ಯಾಸವಿರಲಿಲ್ಲ. ಆರಂಭದ ತೊಂದರೆಗಳು ಮಾತ್ರ ನೂರಕ್ಕೆ 6, 16, 31 ಎಂದು ಏರುತ್ತಾ ಹೋಗಿದ್ದವು. ಇವು ಹಳೆಯ ಸಾಧನಗಳ ಲೆಕ್ಕ, ಇಂದು ಕೈಚಳಕ ಸುಧಾರಿಸಿದೆ ಎಂದು ವೈದ್ಯರು ಹೇಳುತ್ತಾರೆ. ಇರಬಹುದು. ಆದರೆ ಹೆಚ್ಚು ಸಾಧನ ಎಂದರೆ ಹೆಚ್ಚು ಹೊತ್ತು, ಹೆಚ್ಚು ಕೊಯ್ತ ಎಂಬುದು ಬದಲಾಗಿಲ್ಲ.

ಇದಕ್ಕಿಂತ ದೊಡ್ಡ ಮಾತು, ಬೆಸುಗೆಯೇ ಬೇಕೇ ಎಂಬುದು. 2016ರಲ್ಲಿ ಸ್ವೀಡನ್ನಿನವರು ನರದ ಕಾಲುವೆ ಇಕ್ಕಟ್ಟಾದ 247 ರೋಗಿಗಳನ್ನೂ, 2021ರಲ್ಲಿ ನಾರ್ವೆಯವರು ಮಣಿ ಜಾರಿದ 267 ರೋಗಿಗಳನ್ನೂ ನೋಡಿ, ದಾರಿ ಬಿಡಿಸುವುದಷ್ಟೇ ಮಾಡಿದರೂ ಎರಡು ವರ್ಷಕ್ಕೆ ಬಹುಪಾಲು ಅಷ್ಟೇ ಗುಣ ಸಿಗುತ್ತದೆ ಎಂದರು. ಅಮೆರಿಕದ 66 ರೋಗಿಗಳ ಪ್ರಯೋಗವೊಂದು, ಇದೂ 2016ರದು, ಬೆಸುಗೆಯಿಂದ ಸ್ವಲ್ಪ ಹೆಚ್ಚು ಲಾಭ ಕಂಡಿತು. ಬಗ್ಗಿ ಎದ್ದಾಗ ಮಣಿ ಜಾಸ್ತಿ ಜಾರಾಡುವವರಿಗೆ, ಗೂನು ಕೂಡಿದವರಿಗೆ ಬೆಸುಗೆ ಬೇಕು. ಜಾರಿಯೂ ಗಟ್ಟಿಯಾಗಿ ನಿಂತವರಿಗೆ ಬೇಡವಾಗಬಹುದು. ಬರಿಯ ಡಿಸ್ಕ್ ಜಾರಿ ಒಂದು ಕಾಲಿಗೆ ಸೆಳೆತವಿರುವವರಲ್ಲಿ ಹೆಚ್ಚಿನವರು ಕೆಲವು ವಾರ, ತಿಂಗಳುಗಳಲ್ಲಿ ತಾವಾಗಿಯೇ ಸುಧಾರಿಸುತ್ತಾರೆ. ಅವರಿಗೆ ಬೆಸುಗೆಯ ಮಾತೇ ಸಾಮಾನ್ಯವಾಗಿ ಬರಬಾರದು. ಆದರೆ ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ್ವಾರದ ಸುತ್ತ ಮರಗಟ್ಟುವುದು, ಪಾದ ಎತ್ತಲಾಗದೆ ಬೀಳುವುದು ಇವು ಕಂಡರೆ ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಕವಳದ ಡಬ್ಬಿ

ಮೂಳೆ ಕೂಡುವುದನ್ನು ತಡೆಯುವ ವಸ್ತುಗಳಲ್ಲಿ ನಮ್ಮ ಕೈಗೆ ತೀರ ಹತ್ತಿರದ್ದು ನಿಕೋಟಿನ್. ಅದು ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹಸಿ ಕಸಿಗೆ ಬೇಕಾದುದು ರಕ್ತ. ಬೀಡಿ ಸಿಗರೇಟು ಸೇದುವವರಲ್ಲಿ ಬೆಸುಗೆ ವಿಫಲವಾಗುವುದು ಹೆಚ್ಚೆಂದು ಬಹುಕಾಲದಿಂದ ತಿಳಿದಿದೆ. ನಮ್ಮಲ್ಲಿ ಸೇದದವರೂ ಕವಳಕ್ಕೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುತ್ತಾರೆ. "ನಾನು ಬೀಡಿ ಮುಟ್ಟಿದವನಲ್ಲ" ಎಂದು ವೈದ್ಯರಿಗೆ ಹೇಳಿ ಕವಳದ ವಿಷಯ ಮರೆಮಾಚುತ್ತಾರೆ. ನಿಕೋಟಿನ್ ಅದರಲ್ಲಿಯೂ ಇದೆ. ನಮ್ಮ ಸದಸ್ಯರ ಜೇಬಿನಲ್ಲಿಯೂ ಆ ಕಾಗದದ ಪಕ್ಕದಲ್ಲಿಯೇ ಡಬ್ಬಿಯಿತ್ತು. ಶಸ್ತ್ರಕ್ರಿಯೆಗೆ ಕೆಲವು ವಾರ ಮೊದಲೇ ಬಿಟ್ಟು, ಮೂಳೆ ಕೂಡುವವರೆಗೆ ತಿಂಗಳುಗಟ್ಟಲೆ ದೂರವಿರಬೇಕೆಂದು ವೈದ್ಯರಿಬ್ಬರೂ ಹೇಳಿದರು. ಕೇಜಿನ ಬೆಲೆಯ ಬಗ್ಗೆ ಅಷ್ಟು ಹೊತ್ತು ಮಾತಾಡಿದ ನಮ್ಮ ಸದಸ್ಯರು ಈ ಮಾತಿಗೆ ಮಾತ್ರ ಉತ್ತರ ಕೊಡದೆ ಎದ್ದು ಹೋದರು. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದೂ ಅಷ್ಟೇ ಮುಖ್ಯ.

ಕೇಳಬೇಕಾದುದು, ಇಟ್ಟುಕೊಳ್ಳಬೇಕಾದುದು

ಬೆಲೆಯ ಅಂಕಿಗಳನ್ನು ನಾವು ಇಲ್ಲಿ ಕೊಡುವುದಿಲ್ಲ, ಊರಿಂದೂರಿಗೆ, ತಯಾರಕರಿಂದ ತಯಾರಕರಿಗೆ ಬದಲಾಗುತ್ತವೆ. ಹೃದಯದ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲೂ ಮೊಣಕಾಲಿನ ಕೃತಕ ಕೀಲಿಗೆ ಅದೇ ವರ್ಷದ ಆಗಸ್ಟಿನಲ್ಲೂ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ಕಟ್ಟಿತು. ಆ ಆಜ್ಞೆಗಳಲ್ಲಿ ಬೆನ್ನಿನ ಸ್ಕ್ರೂ, ಕೇಜ್‌ಗಳು ಸೇರಿರಲಿಲ್ಲ. ಆದುದರಿಂದ ಪ್ರತಿ ಸಾಧನದ ತಯಾರಕರ ಹೆಸರು, ಪ್ಯಾಕೆಟ್ಟಿನ ಮೇಲಿನ ಗರಿಷ್ಠ ಬೆಲೆ, ಎಷ್ಟು ಸಂಖ್ಯೆ ಎಂಬುದನ್ನು ಅಂದಾಜು ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಸಹಕಾರ ಸಂಘಗಳ ಸದಸ್ಯರಿಗೆಂದೇ 2003ರಲ್ಲಿ ಆರಂಭವಾಗಿ, ನಡುವೆ ನಿಂತು, 2022-23ರಲ್ಲಿ ಮತ್ತೆ ಚಾಲನೆಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಇರುವವರು, ಪಟ್ಟಿಯಲ್ಲಿರುವ ಶಸ್ತ್ರಕ್ರಿಯೆ ಇದೇ ಹೌದೇ, ಸಾಧನದ ಬೆಲೆ ಅದರೊಳಗೆ ಬರುತ್ತದೆಯೇ ಎಂದು ದಾಖಲಾಗುವ ಮೊದಲೇ ಲಿಖಿತವಾಗಿ ಕೇಳಬೇಕು.

ನಮ್ಮ ಸದಸ್ಯರು ಮತ್ತೆ ಆಸ್ಪತ್ರೆಗೆ ಹೋಗುವಾಗ ನಾವು ಒಂದು ಚೀಟಿ ಬರೆದುಕೊಟ್ಟೆವು. ದಾರಿ ಬಿಡಿಸುವುದಷ್ಟೇ ಸಾಲದೇ, ಬೆಸುಗೆ ಏಕೆ? ಕೇಜ್ ಇಲ್ಲದೆ ಸ್ಕ್ರೂ ಮಾತ್ರವಾದರೆ ನನಗೆ ಏನು ನಷ್ಟ? ಮೂರನೆಯ ಸಾಲಿನದು ಎರಡನೆಯದಕ್ಕಿಂತ ನನಗೆ ಯಾವ ರೀತಿ ಮೇಲು? ನನ್ನ ಸ್ವಂತ ಮೂಳೆ ಸಾಕಾಗುವುದಿಲ್ಲವೇ? ಕೂಡದಿದ್ದರೆ ಮುಂದೇನು? ಅಲ್ಲಿನ ವೈದ್ಯರು ಬೇಸರಪಟ್ಟುಕೊಳ್ಳದೆ, ಮುಂದಕ್ಕೆ ಬಗ್ಗಿಸಿ, ಹಿಂದಕ್ಕೆ ಬಾಗಿಸಿ ಎರಡು ಎಕ್ಸ್‌ರೇ ತೆಗೆಸಿ, ಮಣಿ ಜಾರಾಡುವುದನ್ನು ಅವರಿಗೇ ತೋರಿಸಿದರಂತೆ. ಬೆಸುಗೆ ಬೇಕೇ ಬೇಕು, ಕುಸಿದ ಬಿಲ್ಲೆಯಿಂದಾಗಿ ಕೇಜೂ ಒಳ್ಳೆಯದು, ಆದರೆ ನಿಮಗೆ ಪೀಕ್ ಸಾಕು, ಮೂಳೆಪುಡಿ ಬೇಡ ಎಂದರು. ಕೆಳಗಿನ ತೋಟ ಅಡವು ಬೀಳಲಿಲ್ಲ.

ಶಸ್ತ್ರಕ್ರಿಯೆ ಚೈತ್ರದಲ್ಲಿ ಆಯಿತು. ಹೊಗೆಸೊಪ್ಪಿನ ಡಬ್ಬಿಯನ್ನು ಅವರ ಮನೆಯವರು ಅದಕ್ಕೂ ಒಂದು ತಿಂಗಳ ಮೊದಲೇ ಅಟ್ಟಕ್ಕೆ ಸೇರಿಸಿದ್ದರು. ಆರು ತಿಂಗಳ ಎಕ್ಸ್‌ರೇಯಲ್ಲಿ ಕೇಜಿನ ನಡುವೆ ಮೂಳೆ ಬೆಳೆಯುತ್ತಿರುವುದು ಕಂಡಿದೆ. ವರ್ಷ ತುಂಬಿದ ಮೇಲೆ ಇನ್ನೊಮ್ಮೆ ತೋರಿಸಬೇಕು. ಕಪ್ಪಿನವರೆಗೆ ನಡೆದು ಹೋಗಿ ಬರುತ್ತಾರೆ, ಈ ಸಲದ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂರುವಂತಿಲ್ಲ. ಸ್ಕ್ರೂ, ಸರಳು, ಕೇಜ್‌ಗಳ ಪ್ಯಾಕೆಟ್ಟಿನ ಮೇಲೆ ತಯಾರಕರ ಹೆಸರು, ಅಳತೆ, ಬ್ಯಾಚ್ ಸಂಖ್ಯೆ ಇರುವ ಚೀಟಿಗಳು ಅಂಟಿರುತ್ತವೆ. ಮುಂದೆಂದಾದರೂ ಬಿಚ್ಚಬೇಕಾಗಿ ಬಂದರೆ ಬೇರೆ ವೈದ್ಯರಿಗೆ ಅವು ಬೇಕಾಗುವುದರಿಂದ ಕೇಳಿ ಪಡೆದುಕೊಳ್ಳಿ ಎಂದು ನಾವು ಹೇಳಿದ್ದೆವು. ಎಲ್ಲಿಟ್ಟಿದ್ದೀರಿ ಎಂದು ಮೊನ್ನೆ ಕೇಳಿದಾಗ, ಪಹಣಿ ಮತ್ತು ತೆರಿಗೆ ರಸೀದಿಗಳ ಕಡತದಲ್ಲಿಯೇ ಅಂಟಿಸಿಟ್ಟಿದ್ದೇನೆ ಎಂದರು.